ವಿನ್ಸ್ ಲೊಂಬಾರ್ಡಿ

ವಿನ್ಸೆಂಟ್ ಥಾಮಸ್ ಲೊಂಬಾರ್ಡಿ (ಜೂನ್ 11, 1913 – ಸೆಪ್ಟೆಂಬರ್ 3, 1970) ಅಮೆರಿಕ ಸಂಯುಕ್ತ ಸಂಸ್ಥಾನದ ಖ್ಯಾತ ಅಮೆರಿಕನ್ ಫುಟ್‌ಬಾಲ್ ತರಬೇತುದಾರರು. 1959ರಿಂದ 1967ರವರೆಗೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದ ಅವರು ಆ ಒಂಬತ್ತು ಋತುಗಳಲ್ಲಿ ತಂಡಕ್ಕೆ ಐದು ರಾಷ್ಟ್ರೀಯ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಪ್ರಶಸ್ತಿಗಳನ್ನೂ ಮೊದಲ ಎರಡು ಸೂಪರ್ ಬೌಲ್ ವಿಜಯಗಳನ್ನೂ ತಂದುಕೊಟ್ಟರು. ವೃತ್ತಿಪರ ತಂಡವೊಂದರ ಮುಖ್ಯ ತರಬೇತುದಾರರಾಗಿ ಅವರು ಒಂದು ಋತುವಿನಲ್ಲಿಯೂ ಗೆಲುವಿಗಿಂತ ಹೆಚ್ಚು ಸೋಲು ಕಂಡವರಲ್ಲ. ಸೂಪರ್ ಬೌಲ್ ಗೆದ್ದ ತಂಡಕ್ಕೆ ಪ್ರತಿವರ್ಷ ನೀಡುವ ಬೆಳ್ಳಿಯ ಪಾರಿತೋಷಕಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಅಮೆರಿಕನ್ ಫುಟ್‌ಬಾಲ್ ಭಾರತದಲ್ಲಿ ಪರಿಚಿತವಾಗಿರುವ ಕಾಲ್ಚೆಂಡಿನಾಟಕ್ಕಿಂತ ಭಿನ್ನವಾದುದು. ಹನ್ನೊಂದು ಆಟಗಾರರ ತಂಡವು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ ಅಥವಾ ಎಸೆಯುತ್ತ ಎದುರಾಳಿಯ ಗಡಿಯತ್ತ ಸಾಗುತ್ತದೆ. ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶಗಳಿದ್ದು, ಇವುಗಳನ್ನು ಡೌನ್ ಎನ್ನುತ್ತಾರೆ. ಚೆಂಡು ಹಿಡಿದು ಕೊನೆಯ ಗೆರೆಯನ್ನು ದಾಟಿದರೆ ಅದು ಟಚ್‌ಡೌನ್. ಕಂಬಗಳ ನಡುವೆ ಚೆಂಡನ್ನು ಒದ್ದು ಗಳಿಸುವ ಮೂರು ಅಂಕಗಳಿಗೆ ಫೀಲ್ಡ್ ಗೋಲ್ ಎಂದು ಹೆಸರು. ಪ್ರತಿಯೊಂದು ನಡೆಯೂ ಮೊದಲೇ ಯೋಜಿತವಾಗಿರುವುದರಿಂದ ಈ ಆಟದಲ್ಲಿ ತರಬೇತುದಾರನ ಸ್ಥಾನಕ್ಕೆ ವಿಶೇಷ ಮಹತ್ವವಿದೆ.

ಆರಂಭಿಕ ಜೀವನ

ಲೊಂಬಾರ್ಡಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಶೀಪ್ಸ್‌ಹೆಡ್ ಬೇ ಪ್ರದೇಶದಲ್ಲಿ ಜನಿಸಿದರು. ತಂದೆ ಹ್ಯಾರಿ ಲೊಂಬಾರ್ಡಿ ಮಾಂಸದ ವ್ಯಾಪಾರಿ, ತಾಯಿ ಮಟಿಲ್ಡಾ. ಇಟಲಿ ಮೂಲದ ಈ ಕ್ಯಾಥೊಲಿಕ್ ಕುಟುಂಬದ ಐವರು ಮಕ್ಕಳಲ್ಲಿ ವಿನ್ಸ್ ಹಿರಿಯರು. ಶಿಸ್ತು, ದುಡಿಮೆ ಮತ್ತು ದೇವರ ಭಕ್ತಿ ಮನೆಯ ವಾತಾವರಣದಲ್ಲಿಯೇ ಇದ್ದವು. ಪ್ರತಿದಿನ ಬೆಳಿಗ್ಗೆ ಚರ್ಚಿನ ಪೂಜೆಯಲ್ಲಿ ಭಾಗವಹಿಸುವ ಅಭ್ಯಾಸವನ್ನು ಲೊಂಬಾರ್ಡಿ ಜೀವನದುದ್ದಕ್ಕೂ ಉಳಿಸಿಕೊಂಡರು.

ಪಾದ್ರಿಯಾಗಬೇಕೆಂಬ ಹಂಬಲದಿಂದ ಅವರು 1928ರಲ್ಲಿ ಬ್ರೂಕ್ಲಿನ್‌ನ ಧಾರ್ಮಿಕ ಶಾಲೆಯೊಂದನ್ನು ಸೇರಿದರು. ಆರು ವರ್ಷಗಳ ಆ ವ್ಯಾಸಂಗವನ್ನು ನಾಲ್ಕು ವರ್ಷಗಳ ನಂತರ ಕೈಬಿಟ್ಟು ಸೇಂಟ್ ಫ್ರಾನ್ಸಿಸ್ ಪ್ರೌಢಶಾಲೆಗೆ ಸೇರಿ ಅಲ್ಲಿ ಫುಟ್‌ಬಾಲ್ ಆಡತೊಡಗಿದರು. ಅಲ್ಲಿನ ಆಟವೇ ಅವರಿಗೆ 1933ರಲ್ಲಿ ಫೋರ್ಡಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನವನ್ನು ಗಳಿಸಿಕೊಟ್ಟಿತು.

ಫೋರ್ಡಮ್ ವಿಶ್ವವಿದ್ಯಾಲಯ

ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಫೋರ್ಡಮ್ ಆ ಕಾಲದಲ್ಲಿ ಕಾಲೇಜು ಫುಟ್‌ಬಾಲ್‌ನ ಪ್ರಮುಖ ಕೇಂದ್ರಗಳಲ್ಲಿ ಒಂದಾಗಿತ್ತು. ತರಬೇತುದಾರ ಜಿಮ್ ಕ್ರೌಲಿ ಗ್ರೀನ್ ಬೇ ಪಟ್ಟಣದವರು. ಲೊಂಬಾರ್ಡಿ ಗಾರ್ಡ್ ಸ್ಥಾನದಲ್ಲಿ ಆಡುತ್ತಿದ್ದರು. ಎದುರಾಳಿಗಳನ್ನು ದೇಹಬಲದಿಂದ ತಡೆಯಬೇಕಾದ ಆ ಸ್ಥಾನಕ್ಕೆ ಅವರದು ಚಿಕ್ಕ ಮೈಕಟ್ಟು; ಆ ಕೊರತೆಯನ್ನು ಅವರು ಛಲದಿಂದ ತುಂಬಿಕೊಂಡರು. 1936ರ ಋತುವಿನಲ್ಲಿ ಫೋರ್ಡಮ್ ತಂಡದ ಮುಂಚೂಣಿಯ ಏಳು ಆಟಗಾರರಿಗೆ ಪತ್ರಿಕೆಗಳು ಏಳು ಗ್ರಾನೈಟ್ ಬಂಡೆಗಳು ಎಂಬ ಅಡ್ಡಹೆಸರನ್ನು ಜನಪ್ರಿಯಗೊಳಿಸಿದವು. ಆ ಏಳರಲ್ಲಿ ಲೊಂಬಾರ್ಡಿ ಒಬ್ಬರು. ಆದರೆ ಆ ವರ್ಷದ ಕೊನೆಯ ಪಂದ್ಯದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎದುರು 7–6 ಅಂತರದಿಂದ ಸೋತ ಫೋರ್ಡಮ್, ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದ ಅವಕಾಶವನ್ನು ಕಳೆದುಕೊಂಡಿತು.

1937ರಲ್ಲಿ ಪದವಿ ಪಡೆದಾಗ ದೇಶದಲ್ಲಿ ಆರ್ಥಿಕ ಮುಗ್ಗಟ್ಟು ಇನ್ನೂ ಮುಗಿದಿರಲಿಲ್ಲ. ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ, ಕಾನೂನು ವ್ಯಾಸಂಗಕ್ಕೂ ಸೇರಿ, ಅದನ್ನು ಪೂರ್ಣಗೊಳಿಸದೆ ಲೊಂಬಾರ್ಡಿ ಎರಡು ವರ್ಷ ನೆಲೆಯಿಲ್ಲದೆ ಕಳೆದರು.

ಶಿಕ್ಷಕರಾಗಿ

1939ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿದ್ದ ಸೇಂಟ್ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಶಿಕ್ಷಕ ಹಾಗೂ ಸಹಾಯಕ ತರಬೇತುದಾರರಾಗಿ ನೇಮಕಗೊಂಡರು. ಲ್ಯಾಟಿನ್, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಅವರ ಬೋಧನೆಯ ವಿಷಯಗಳು. ತರಗತಿಯ ಕೊನೆಯ ವಿದ್ಯಾರ್ಥಿಗೂ ಅರ್ಥವಾಗುವವರೆಗೆ ಒಂದೇ ಪಾಠವನ್ನು ಮತ್ತೆ ಮತ್ತೆ ವಿವರಿಸುವ ಅಭ್ಯಾಸ ಇಲ್ಲಿ ಬೆಳೆಯಿತು; ಮುಂದೆ ವೃತ್ತಿಪರ ಆಟಗಾರರಿಗೂ ಅವರು ಅದೇ ಕ್ರಮದಲ್ಲಿ ಆಟವನ್ನು ಕಲಿಸಿದರು. 1940ರಲ್ಲಿ ಮರೀ ಪ್ಲಾನಿಟ್ಜ್ ಅವರನ್ನು ವಿವಾಹವಾದರು. ದಂಪತಿಗಳಿಗೆ ವಿನ್ಸೆಂಟ್ ಮತ್ತು ಸೂಸನ್ ಎಂಬ ಇಬ್ಬರು ಮಕ್ಕಳು.

1942ರಲ್ಲಿ ಶಾಲೆಯ ಮುಖ್ಯ ತರಬೇತುದಾರರಾದ ಲೊಂಬಾರ್ಡಿ ಸಣ್ಣ ಶಾಲೆಯ ತಂಡವನ್ನು ರಾಜ್ಯದ ಬಲಿಷ್ಠ ತಂಡಗಳಲ್ಲಿ ಒಂದನ್ನಾಗಿ ರೂಪಿಸಿದರು. 1947ರಲ್ಲಿ ಫೋರ್ಡಮ್‌ಗೆ ಮರಳಿ ಎರಡು ವರ್ಷ ಕಿರಿಯ ಆಟಗಾರರ ತರಬೇತುದಾರರಾಗಿಯೂ ನಂತರ ಸಹಾಯಕರಾಗಿಯೂ ದುಡಿದರು.

ವೆಸ್ಟ್ ಪಾಯಿಂಟ್ ಮತ್ತು ನ್ಯೂಯಾರ್ಕ್ ಜೈಂಟ್ಸ್

1949ರಲ್ಲಿ ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯ ತಂಡವನ್ನು ಸೇರಿದ್ದು ಅವರ ವೃತ್ತಿಜೀವನದ ತಿರುವು. ಅಲ್ಲಿನ ಮುಖ್ಯ ತರಬೇತುದಾರ ಕರ್ನಲ್ ಅರ್ಲ್ ಬ್ಲೇಕ್ ಅವರನ್ನು ಲೊಂಬಾರ್ಡಿ ಕೊನೆಯವರೆಗೂ ತಮ್ಮ ಗುರುವೆಂದು ಪರಿಗಣಿಸಿದ್ದರು. ಪಂದ್ಯಗಳ ಚಲನಚಿತ್ರಗಳನ್ನು ಗಂಟೆಗಟ್ಟಲೆ ನೋಡಿ ಎದುರಾಳಿಗಳ ದೌರ್ಬಲ್ಯ ಗುರುತಿಸುವುದು, ಅನಗತ್ಯವಾದುದನ್ನೆಲ್ಲ ತೆಗೆದುಹಾಕಿ ಉಳಿದ ಕೆಲವೇ ನಡೆಗಳನ್ನು ದೋಷವಿಲ್ಲದಂತೆ ಅಭ್ಯಾಸ ಮಾಡಿಸುವುದು ಬ್ಲೇಕ್ ಅವರಿಂದ ಕಲಿತ ಪಾಠಗಳು. 1951ರಲ್ಲಿ ಪರೀಕ್ಷೆಯ ಅಕ್ರಮ ಬಯಲಾಗಿ 80ಕ್ಕೂ ಹೆಚ್ಚು ಕೆಡೆಟ್‌ಗಳು ಅಕಾಡೆಮಿಯಿಂದ ಹೊರಹೋಗಬೇಕಾಯಿತು. ಅವರಲ್ಲಿ ಫುಟ್‌ಬಾಲ್ ಆಟಗಾರರ ಸಂಖ್ಯೆ ದೊಡ್ಡದಾಗಿದ್ದುದರಿಂದ ತಂಡವನ್ನು ಬುಡದಿಂದ ಕಟ್ಟಬೇಕಾಗಿ ಬಂತು. ಆ ಕೆಲಸದಲ್ಲಿ ಲೊಂಬಾರ್ಡಿ ಬ್ಲೇಕ್ ಅವರ ಜೊತೆಗೆ ನಿಂತರು.

1954ರಲ್ಲಿ ಅವರು ವೃತ್ತಿಪರ ಫುಟ್‌ಬಾಲ್‌ಗೆ ಬಂದರು. ಹಿಂದಿನ ವರ್ಷ ಮೂರು ಪಂದ್ಯಗಳನ್ನು ಮಾತ್ರ ಗೆದ್ದಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡದ ಮುಖ್ಯ ತರಬೇತುದಾರ ಜಿಮ್ ಲೀ ಹೊವೆಲ್, ಆಕ್ರಮಣ ವಿಭಾಗವನ್ನು ಲೊಂಬಾರ್ಡಿಯವರಿಗೂ ರಕ್ಷಣಾ ವಿಭಾಗವನ್ನು ಟಾಮ್ ಲ್ಯಾಂಡ್ರಿಯವರಿಗೂ ವಹಿಸಿದರು. 1956ರಲ್ಲಿ ಜೈಂಟ್ಸ್ ತಂಡ ಷಿಕಾಗೊ ಬೇರ್ಸ್ ತಂಡವನ್ನು 47–7ರಿಂದ ಸೋಲಿಸಿ ಚಾಂಪಿಯನ್ ಆಯಿತು. 1958ರ ಅಂತಿಮ ಪಂದ್ಯದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಎದುರು ಹೆಚ್ಚುವರಿ ಸಮಯದಲ್ಲಿ 23–17ರಿಂದ ಸೋತಿತು.

ಇಷ್ಟಾದರೂ ಮುಖ್ಯ ತರಬೇತುದಾರನ ಹುದ್ದೆ ಬಹುಕಾಲ ಅವರಿಗೆ ದೊರೆತಿರಲಿಲ್ಲ. ಇಟಲಿ ಮೂಲದ ಹೆಸರೇ ತಮಗೆ ಅಡ್ಡಿಯಾಗಿದೆಯೆಂಬ ಅನುಮಾನ ಅವರನ್ನು ಕಾಡುತ್ತಿತ್ತು. ವೃತ್ತಿಪರ ತಂಡವೊಂದರ ಪೂರ್ಣ ಹೊಣೆ ಅವರಿಗೆ ದೊರೆಯುವ ವೇಳೆಗೆ ವಯಸ್ಸು 45 ದಾಟಿತ್ತು.

ಗ್ರೀನ್ ಬೇ ಪ್ಯಾಕರ್ಸ್

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಆಗ ಸುಮಾರು 60 ಸಾವಿರ ಜನಸಂಖ್ಯೆಯ ಪಟ್ಟಣ. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಶ್ರೀಮಂತ ಮಾಲೀಕನಿರಲಿಲ್ಲ. ಷೇರುಗಳನ್ನು ಕೊಂಡ ಸಾಮಾನ್ಯ ಜನರೇ ಅದರ ಒಡೆಯರು. ಸ್ಥಾಪಕ ಕರ್ಲಿ ಲ್ಯಾಂಬೊ ಅವರ ಕಾಲದಲ್ಲಿ ಆರು ಬಾರಿ ಚಾಂಪಿಯನ್ ಆಗಿದ್ದ ತಂಡ 1947ರ ನಂತರ ಗೆಲುವು ಹೆಚ್ಚಿರುವ ಒಂದು ಋತುವನ್ನೂ ಕಂಡಿರಲಿಲ್ಲ. 1958ರಲ್ಲಿ 12 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸಮ ಮಾಡಿಕೊಂಡದ್ದು ಒಂದು, ಸೋತದ್ದು ಹತ್ತು. ದೊಡ್ಡ ನಗರಗಳ ತಂಡಗಳ ನಡುವೆ ಈ ಸಣ್ಣ ಊರಿನ ತಂಡ ಉಳಿಯುವುದೇ ಎಂಬ ಪ್ರಶ್ನೆ ಎದ್ದಿತ್ತು.

1959ರ ಆರಂಭದಲ್ಲಿ ಲೊಂಬಾರ್ಡಿ ಐದು ವರ್ಷಗಳ ಒಪ್ಪಂದದ ಮೇಲೆ ಮುಖ್ಯ ತರಬೇತುದಾರ ಹಾಗೂ ಪ್ರಧಾನ ವ್ಯವಸ್ಥಾಪಕ, ಎರಡೂ ಹುದ್ದೆಗಳನ್ನು ವಹಿಸಿಕೊಂಡರು. ಮುಂದೆ ಖ್ಯಾತರಾದ ಹಲವು ಆಟಗಾರರು ಆಗಲೇ ತಂಡದಲ್ಲಿದ್ದರು. 1956ರ ಆಯ್ಕೆಯಲ್ಲಿ 17ನೆಯ ಸುತ್ತಿನವರೆಗೆ ಯಾರೂ ಕರೆಯದಿದ್ದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, ಯಾವ ಸ್ಥಾನದಲ್ಲಿ ಆಡಬೇಕೆಂಬುದೇ ನಿಶ್ಚಯವಾಗಿರದ ಪಾಲ್ ಹಾರ್ನಂಗ್, ಫುಲ್‌ಬ್ಯಾಕ್ ಜಿಮ್ ಟೇಲರ್, ಗಾರ್ಡ್ ಜೆರ್ರಿ ಕ್ರಾಮರ್, ರಕ್ಷಣಾ ವಿಭಾಗದ ರೇ ನಿಟ್ಷ್ಕಿ ಅವರಲ್ಲಿ ಪ್ರಮುಖರು. ಲೊಂಬಾರ್ಡಿ ಹಾರ್ನಂಗ್ ಅವರನ್ನು ಹಾಫ್‌ಬ್ಯಾಕ್ ಸ್ಥಾನದಲ್ಲಿ ಸ್ಥಿರಗೊಳಿಸಿದರು. ಸಂಕೋಚದ ಸ್ವಭಾವದ ಸ್ಟಾರ್ ಅವರಲ್ಲಿ ನಾಯಕತ್ವದ ವಿಶ್ವಾಸ ತುಂಬಿದರು. ಮೊದಲ ಪಂದ್ಯದಲ್ಲಿಯೇ ಷಿಕಾಗೊ ಬೇರ್ಸ್ ತಂಡವನ್ನು 9–6ರಿಂದ ಸೋಲಿಸಿದಾಗ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಹೊರತಂದರು. ಋತುವಿನ ಕೊನೆಗೆ ತಂಡ ಏಳು ಪಂದ್ಯಗಳನ್ನು ಗೆದ್ದು ಐದನ್ನು ಸೋತಿತ್ತು.

1960ರಲ್ಲಿ ಪ್ಯಾಕರ್ಸ್ ಅಂತಿಮ ಪಂದ್ಯ ತಲುಪಿತು. ಫಿಲಡೆಲ್ಫಿಯಾ ಈಗಲ್ಸ್ ಎದುರಿನ ಆ ಪಂದ್ಯದಲ್ಲಿ ಸುಲಭವಾಗಿ ಸಿಗಬಹುದಾಗಿದ್ದ ಫೀಲ್ಡ್ ಗೋಲ್ ಅವಕಾಶಗಳನ್ನು ಬಿಟ್ಟು ಟಚ್‌ಡೌನ್‌ಗಾಗಿ ಪ್ರಯತ್ನಿಸಿದ ಲೊಂಬಾರ್ಡಿಯವರ ನಿರ್ಧಾರ ದುಬಾರಿಯಾಯಿತು. ಕೊನೆಯ ಕ್ಷಣದಲ್ಲಿ ಟೇಲರ್ ಅವರನ್ನು ಈಗಲ್ಸ್‌ನ ಚಕ್ ಬೆಡ್ನರಿಕ್ ಗೆರೆಗೆ ಹತ್ತು ಗಜದೊಳಗೆ ಕೆಡವಿದರು. ಪ್ಯಾಕರ್ಸ್ 17–13ರಿಂದ ಸೋತಿತು. ಇನ್ನು ಮುಂದೆ ಇಂಥ ಪಂದ್ಯವನ್ನು ಸೋಲುವುದಿಲ್ಲವೆಂದು ಲೊಂಬಾರ್ಡಿ ಆಟಗಾರರಿಗೆ ಹೇಳಿದರು. ಆ ಮಾತು ಉಳಿಯಿತು. ಋತು ನಂತರದ ಹಂತದಲ್ಲಿ ಅವರು ಸೋತ ಪಂದ್ಯ ಅದೊಂದೇ. ಮುಂದಿನ ಒಂಬತ್ತನ್ನೂ ಗೆದ್ದರು.

1961ರ ಅಂತಿಮ ಪಂದ್ಯ ಗ್ರೀನ್ ಬೇಯಲ್ಲಿಯೇ ನಡೆಯಿತು. ಸೇನಾ ಸೇವೆಗೆ ಕರೆಯಲ್ಪಟ್ಟಿದ್ದ ಹಾರ್ನಂಗ್ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ನೆರವಿನಿಂದ ರಜೆ ಪಡೆದು ಬಂದು 19 ಅಂಕ ಗಳಿಸಿದರು. ಲೊಂಬಾರ್ಡಿಯವರ ಹಳೆಯ ತಂಡ ಜೈಂಟ್ಸ್ 37–0ರಿಂದ ಸೋತಿತು. ಮರುವರ್ಷ 14 ಪಂದ್ಯಗಳಲ್ಲಿ 13ನ್ನು ಗೆದ್ದ ತಂಡ, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದ ಕೊರೆಯುವ ಗಾಳಿಯಲ್ಲಿ ಜೈಂಟ್ಸ್ ತಂಡವನ್ನು 16–7ರಿಂದ ಮತ್ತೆ ಸೋಲಿಸಿತು. 1963ರಲ್ಲಿ ಪಂದ್ಯಗಳ ಮೇಲೆ ಬಾಜಿ ಕಟ್ಟಿದ ಕಾರಣಕ್ಕೆ ಹಾರ್ನಂಗ್ ಅವರನ್ನು ಲೀಗ್ ಒಂದು ವರ್ಷ ಅಮಾನತುಗೊಳಿಸಿತು. ಆ ವರ್ಷವೂ ಅದರ ಮುಂದಿನ ವರ್ಷವೂ ಪ್ರಶಸ್ತಿ ಕೈತಪ್ಪಿತು.

ತರಬೇತಿಯ ವಿಧಾನ

ಲೊಂಬಾರ್ಡಿಯವರ ಆಟದಲ್ಲಿ ಗುಟ್ಟು ಕಡಿಮೆ. ಅವರ ಮುಖ್ಯ ನಡೆಯಾದ ಪವರ್ ಸ್ವೀಪ್ ಎಲ್ಲ ತಂಡಗಳಿಗೂ ಗೊತ್ತಿತ್ತು. ಈ ನಡೆಯಲ್ಲಿ ಇಬ್ಬರು ಗಾರ್ಡ್‌ಗಳು ತಮ್ಮ ಎದುರಿಗಿರುವವರನ್ನು ತಡೆಯುವ ಬದಲು ಹಿಂದಕ್ಕೆ ಸರಿದು ಮೈದಾನದ ಅಂಚಿನತ್ತ ಓಡುತ್ತಾರೆ. ಚೆಂಡು ಹಿಡಿದ ಹಾಫ್‌ಬ್ಯಾಕ್ ಅವರ ಹಿಂದೆ ಸಾಗುತ್ತಾನೆ. ಎದುರಾಳಿ ಒಳಕ್ಕೆ ಬಂದರೆ ಒಳಕ್ಕೂ ಹೊರಕ್ಕೆ ಹೋದರೆ ಹೊರಕ್ಕೂ ಅವನನ್ನು ತಳ್ಳಬೇಕು. ಎಲ್ಲಿ ಬಿರುಕು ತೆರೆಯುತ್ತದೆಯೋ ಅಲ್ಲಿ ಓಟಗಾರ ನುಗ್ಗಬೇಕು. ಹನ್ನೊಂದು ಮಂದಿಯೂ ತಮ್ಮ ಪಾಲನ್ನು ಸರಿಯಾಗಿ ನಿರ್ವಹಿಸಿದರೆ, ಮುಂಚಿತವಾಗಿ ತಿಳಿದಿದ್ದರೂ ಅದನ್ನು ತಡೆಯಲಾಗದೆಂಬುದು ಅವರ ನಂಬಿಕೆ. ಆದ್ದರಿಂದ ಒಂದೇ ನಡೆಯನ್ನು ದಿನವೂ ಮಾಡಿಸುತ್ತಿದ್ದರು. 1963ರಲ್ಲಿ ಲೇಖಕ ಡಬ್ಲ್ಯೂ. ಸಿ. ಹೈನ್ಜ್ ಅವರೊಡನೆ ಪ್ರಕಟಿಸಿದ ರನ್ ಟು ಡೇಲೈಟ್ ಎಂಬ ಪುಸ್ತಕವು ಒಂದು ವಾರದ ಸಿದ್ಧತೆಯ ಮೂಲಕ ಅವರ ಕೆಲಸದ ಕ್ರಮವನ್ನು ವಿವರಿಸುತ್ತದೆ.

ಬೇಸಿಗೆಯ ಶಿಬಿರಗಳು ಕಠಿಣವಾಗಿದ್ದವು. ನಿಗದಿತ ವೇಳೆಗೆ ಹದಿನೈದು ನಿಮಿಷ ಮುಂಚೆ ಬರದವನು ತಡವಾಗಿ ಬಂದಂತೆ. ಇದು ಲೊಂಬಾರ್ಡಿ ಸಮಯ ಎಂದೇ ಹೆಸರಾಯಿತು. ತಪ್ಪು ಮಾಡಿದವರನ್ನು ಎಲ್ಲರೆದುರು ಗದರಿಸುತ್ತಿದ್ದರು, ಅನಂತರ ಸಮಯ ನೋಡಿ ಬೆನ್ನು ತಟ್ಟುತ್ತಿದ್ದರು. ಯಾರಿಗೆ ಬೈಗುಳ ನಾಟುತ್ತದೆ, ಯಾರಿಗೆ ಪ್ರೋತ್ಸಾಹ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಜೆರ್ರಿ ಕ್ರಾಮರ್ 1968ರಲ್ಲಿ ಪ್ರಕಟಿಸಿದ ಇನ್‌ಸ್ಟಂಟ್ ರಿಪ್ಲೇ ಎಂಬ ದಿನಚರಿಯಲ್ಲಿ ಈ ಭಯ ಮತ್ತು ಪ್ರೀತಿ ಎರಡೂ ದಾಖಲಾಗಿವೆ.

ಈ ಕಠೋರತೆಯನ್ನು ಟೀಕಿಸಿದವರೂ ಇದ್ದರು. 1968ರ ಜನವರಿಯ ಎಸ್ಕ್ವೈರ್ ಪತ್ರಿಕೆಯ ಲೇಖನವೊಂದು ಅವರನ್ನು ನಿರ್ದಯಿಯೆಂಬಂತೆ ಚಿತ್ರಿಸಿತು. ಅದರಿಂದ ಅವರು ತೀವ್ರವಾಗಿ ನೊಂದರು. ಗೆಲುವೇ ಸರ್ವಸ್ವವೆಂಬರ್ಥದ ಪ್ರಸಿದ್ಧ ನುಡಿಯೊಂದು ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಆದರೆ ಲಾಸ್ ಏಂಜಲೀಸ್‌ನ ಕಾಲೇಜು ತರಬೇತುದಾರ ರೆಡ್ ಸ್ಯಾಂಡರ್ಸ್ ಅದನ್ನು ಅವರಿಗಿಂತ ಮೊದಲೇ ಬಳಸಿದ್ದರು. ಕೆಲಸದ ಈ ತನ್ಮಯತೆಯ ಬೆಲೆಯನ್ನು ಮನೆಯವರೂ ತೆತ್ತರು. ಪತ್ನಿ ಮರೀ ಅವರ ಒಂಟಿತನವನ್ನೂ ಮಕ್ಕಳಿಗೆ ತಂದೆಯ ಸಮಯ ದೊರೆಯದಿದ್ದುದನ್ನೂ ಜೀವನಚರಿತ್ರೆಕಾರರು ಗುರುತಿಸಿದ್ದಾರೆ.

ಭೇದಭಾವದ ವಿರುದ್ಧ ನಿಲುವು

ಲೊಂಬಾರ್ಡಿ ಬಂದಾಗ ಗ್ರೀನ್ ಬೇಯಲ್ಲಿ ಕರಿಯ ಜನಾಂಗದವರು ಬೆರಳೆಣಿಕೆಯಷ್ಟಿದ್ದರು, ತಂಡದಲ್ಲಿಯೂ ಹಾಗೆಯೇ. ಅವರು ಅನುಭವಿ ಆಟಗಾರ ಎಮ್ಲೆನ್ ಟನೆಲ್ ಅವರನ್ನು ನ್ಯೂಯಾರ್ಕಿನಿಂದ ಕರೆತಂದರು. ವಿಲ್ಲೀ ಡೇವಿಸ್, ವಿಲ್ಲೀ ವುಡ್, ಹರ್ಬ್ ಆಡರ್ಲಿ ಮುಂತಾದವರು ನಂತರ ಸೇರಿದರು. ವುಡ್ ಅವರನ್ನು ಆಯ್ಕೆಯಲ್ಲಿ ಯಾವ ತಂಡವೂ ಕರೆದಿರಲಿಲ್ಲ. ಡೇವಿಸ್ ಮುಂದೆ ರಕ್ಷಣಾ ವಿಭಾಗದ ನಾಯಕರಾದರು. ಜನಾಂಗದ ಹೆಸರಿನಲ್ಲಿ ಹೀನಾಯವಾಗಿ ಮಾತನಾಡುವವರಿಗೆ ತಂಡದಲ್ಲಿ ಜಾಗವಿಲ್ಲವೆಂದು ಲೊಂಬಾರ್ಡಿ ಆರಂಭದಲ್ಲಿಯೇ ಸ್ಪಷ್ಟಪಡಿಸಿದ್ದರು. ಕರಿಯ ಆಟಗಾರರಿಗೆ ಪ್ರವೇಶ ನಿರಾಕರಿಸುವ ಹೋಟೆಲು, ಪಾನಗೃಹಗಳಿಗೆ ಇಡೀ ತಂಡವೇ ಹೋಗಬಾರದೆಂಬ ನಿಯಮವಿತ್ತು. ದಕ್ಷಿಣದ ಜಾರ್ಜಿಯಾದಲ್ಲಿ ಪ್ರದರ್ಶನ ಪಂದ್ಯಕ್ಕೆ ಹೋದಾಗ, ಆಟಗಾರರನ್ನು ಬಣ್ಣದ ಆಧಾರದ ಮೇಲೆ ಬೇರ್ಪಡಿಸುವ ಹೋಟೆಲುಗಳನ್ನು ಬಿಟ್ಟು ಎಲ್ಲರನ್ನೂ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯಲ್ಲಿ ಒಟ್ಟಿಗೆ ಉಳಿಸಿದರು.

ಸಲಿಂಗಿ ಆಟಗಾರರ ವಿಷಯದಲ್ಲಿಯೂ ಅವರದು ಕಾಲಕ್ಕಿಂತ ಮುಂದಿನ ನಿಲುವು. ಅವರ ತಮ್ಮ ಹೆರಾಲ್ಡ್ ಸಲಿಂಗಿಯಾಗಿದ್ದರು. ಆಟಗಾರನ ಖಾಸಗಿ ಬದುಕನ್ನು ಹಿಡಿದು ಅವನನ್ನು ಹೀಯಾಳಿಸುವುದನ್ನು ಲೊಂಬಾರ್ಡಿ ಸಹಿಸುತ್ತಿರಲಿಲ್ಲ. ವಾಷಿಂಗ್ಟನ್‌ನಲ್ಲಿ ಅವರ ಕೈಕೆಳಗೆ ಆಡಿದ ಡೇವಿಡ್ ಕೋಪೇ 1975ರಲ್ಲಿ ತಾವು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡರು.

ಸತತ ಮೂರು ಪ್ರಶಸ್ತಿಗಳು

1965ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 13–10ರಿಂದ ದಾಟಿದ ಪ್ಯಾಕರ್ಸ್, ಅಂತಿಮ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 23–12ರಿಂದ ಸೋಲಿಸಿತು. 1966ರಲ್ಲಿ ಡಲ್ಲಾಸ್ ಕೌಬಾಯ್ಸ್ ಎದುರು 34–27ರಿಂದ ಗೆದ್ದು ಎನ್‌ಎಫ್‌ಎಲ್ ಪ್ರಶಸ್ತಿ ಪಡೆಯಿತು. ಆ ವರ್ಷದಿಂದ ಪ್ರತಿಸ್ಪರ್ಧಿ ಲೀಗ್ ಆದ ಎಎಫ್‌ಎಲ್‌ನ ವಿಜೇತರೊಡನೆ ಇನ್ನೊಂದು ಪಂದ್ಯ ಆಡುವ ಪದ್ಧತಿ ಆರಂಭವಾಯಿತು. ಇದೇ ಮುಂದೆ ಸೂಪರ್ ಬೌಲ್ ಎನಿಸಿತು. ಹಳೆಯ ಲೀಗಿನ ಮಾನ ಕಾಯುವ ಹೊರೆ ಲೊಂಬಾರ್ಡಿಯವರ ಮೇಲೆ ಬಿತ್ತು. 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಪ್ಯಾಕರ್ಸ್ ತಂಡ ಕನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 35–10ರಿಂದ ಸೋಲಿಸಿತು.

1967ರಲ್ಲಿ ತಂಡಕ್ಕೆ ವಯಸ್ಸಾಗುತ್ತಿತ್ತು. ಹಾರ್ನಂಗ್ ಮತ್ತು ಟೇಲರ್ ಇರಲಿಲ್ಲ. ಡಿಸೆಂಬರ್ 31ರಂದು ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ಎದುರು ನಡೆದ ಅಂತಿಮ ಪಂದ್ಯ ಐಸ್ ಬೌಲ್ ಎಂದು ಹೆಸರಾಗಿದೆ. ಎದುರಾಳಿ ತಂಡದ ತರಬೇತುದಾರರು ಜೈಂಟ್ಸ್‌ನ ಹಳೆಯ ಸಹೋದ್ಯೋಗಿ ಟಾಮ್ ಲ್ಯಾಂಡ್ರಿ. ತಾಪಮಾನ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಮೈದಾನ ಹೆಪ್ಪುಗಟ್ಟದಿರಲೆಂದು ಲೊಂಬಾರ್ಡಿ ನೆಲದಡಿಯಲ್ಲಿ ಅಳವಡಿಸಿದ್ದ ವಿದ್ಯುತ್ ತಾಪಕ ವ್ಯವಸ್ಥೆ ಕೆಟ್ಟು ನೆಲ ಮಂಜುಗಡ್ಡೆಯಂತಾಯಿತು. 14–0ರಿಂದ ಮುಂದಿದ್ದ ಪ್ಯಾಕರ್ಸ್, ಕೊನೆಯ ಭಾಗದಲ್ಲಿ 17–14ರಿಂದ ಹಿಂದೆ ಬಿದ್ದಿತ್ತು. ಐದು ನಿಮಿಷಕ್ಕೂ ಕಡಿಮೆ ಸಮಯ ಉಳಿದಾಗ ಸ್ಟಾರ್ 68 ಗಜ ದೂರದಿಂದ ತಂಡವನ್ನು ಗೆರೆಯ ಹತ್ತಿರಕ್ಕೆ ತಂದರು. ಉಳಿದದ್ದು 16 ಸೆಕೆಂಡು. ಆಟ ನಿಲ್ಲಿಸುವ ವಿರಾಮಗಳು ಮುಗಿದಿದ್ದವು. ಫೀಲ್ಡ್ ಗೋಲ್ ಗಳಿಸಿ ಸಮ ಮಾಡಿಕೊಳ್ಳುವ ದಾರಿಯಿದ್ದರೂ ಲೊಂಬಾರ್ಡಿ ಅದನ್ನು ಬಿಟ್ಟು ಗೆಲುವಿಗೇ ಪ್ರಯತ್ನಿಸಲು ಒಪ್ಪಿದರು. ಮುನ್ನುಗ್ಗುವುದು ವಿಫಲವಾಗಿದ್ದರೆ ಇನ್ನೊಂದು ನಡೆಗೆ ಸಮಯ ಸಿಗುವುದೇ ಅನುಮಾನವಾಗಿತ್ತು. ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ, ಕ್ರಾಮರ್ ಮತ್ತು ಕೆನ್ ಬೋಮನ್ ತೆರೆದ ಕಿಂಡಿಯಲ್ಲಿ ತಾವೇ ನುಗ್ಗಿ ಟಚ್‌ಡೌನ್ ಗಳಿಸಿದರು. ಪ್ಯಾಕರ್ಸ್ 21–17ರಿಂದ ಗೆದ್ದಿತು.

ಎರಡು ವಾರಗಳ ನಂತರ ಮಯಾಮಿಯಲ್ಲಿ ಓಕ್ಲೆಂಡ್ ರೈಡರ್ಸ್ ತಂಡವನ್ನು 33–14ರಿಂದ ಸೋಲಿಸಿ ಎರಡನೆಯ ಸೂಪರ್ ಬೌಲ್ ಗೆದ್ದಿತು. ಅಂತಿಮ ಪಂದ್ಯದ ಪದ್ಧತಿ 1933ರಲ್ಲಿ ಆರಂಭವಾದಾಗಿನಿಂದ ಸತತ ಮೂರು ಬಾರಿ ಎನ್‌ಎಫ್‌ಎಲ್ ಪ್ರಶಸ್ತಿ ಗೆದ್ದ ತಂಡ ಇದೊಂದೇ.

ವಾಷಿಂಗ್ಟನ್ ಮತ್ತು ನಿಧನ

1968ರ ಫೆಬ್ರವರಿಯಲ್ಲಿ ದಣಿದಿದ್ದ ಲೊಂಬಾರ್ಡಿ ತರಬೇತಿಯ ಹೊಣೆಯನ್ನು ಸಹಾಯಕ ಫಿಲ್ ಬೆಂಗ್ಟ್‌ಸನ್ ಅವರಿಗೆ ವಹಿಸಿ ವ್ಯವಸ್ಥಾಪಕರಾಗಿ ಮಾತ್ರ ಉಳಿದರು. ಮೈದಾನದಿಂದ ದೂರವಿರುವುದು ಅವರಿಗೆ ಸಾಧ್ಯವಾಗಲಿಲ್ಲ. 1969ರಲ್ಲಿ ಮುಖ್ಯ ತರಬೇತುದಾರ ಹಾಗೂ ಪಾಲುದಾರರಾಗಿ ವಾಷಿಂಗ್ಟನ್ ರೆಡ್‌ಸ್ಕಿನ್ಸ್ (ಇಂದಿನ ವಾಷಿಂಗ್ಟನ್ ಕಮಾಂಡರ್ಸ್) ತಂಡವನ್ನು ಸೇರಿದರು. ಹೊಸ ಆಟಗಾರ ಲ್ಯಾರಿ ಬ್ರೌನ್ ಸೂಚನೆ ಕೇಳಿಸಿಕೊಳ್ಳುವುದರಲ್ಲಿ ತಡಮಾಡುತ್ತಿರುವುದನ್ನು ಗಮನಿಸಿ, ಅವರಿಗೆ ಒಂದು ಕಿವಿ ಕೇಳಿಸದೆಂಬುದನ್ನು ಪರೀಕ್ಷೆಯಿಂದ ತಿಳಿದು, ಶಿರಸ್ತ್ರಾಣದಲ್ಲಿ ಶ್ರವಣ ಸಾಧನ ಅಳವಡಿಸಿಸಿದರು. ಬ್ರೌನ್ ಮುಂದೆ ಲೀಗಿನ ಶ್ರೇಷ್ಠ ಓಟಗಾರರಲ್ಲಿ ಒಬ್ಬರಾದರು. ತಂಡ ಏಳು ಪಂದ್ಯಗಳನ್ನು ಗೆದ್ದು, ಐದನ್ನು ಸೋತು, 1955ರ ನಂತರ ಮೊದಲ ಬಾರಿಗೆ ಗೆಲುವು ಹೆಚ್ಚಿರುವ ಋತುವನ್ನು ಕಂಡಿತು.

1970ರ ಜೂನ್‌ನಲ್ಲಿ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ರೋಗ ವೇಗವಾಗಿ ಹರಡಿ, ಸೆಪ್ಟೆಂಬರ್ 3ರಂದು ವಾಷಿಂಗ್ಟನ್‌ನ ಜಾರ್ಜ್‌ಟೌನ್ ಆಸ್ಪತ್ರೆಯಲ್ಲಿ 57ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್‌ನಲ್ಲಿ ಅಂತಿಮ ಪ್ರಾರ್ಥನೆ ನಡೆದು, ನ್ಯೂಜೆರ್ಸಿಯ ಮಿಡಲ್‌ಟೌನ್‌ನಲ್ಲಿ ಸಮಾಧಿ ಮಾಡಲಾಯಿತು.

ಗೌರವ ಮತ್ತು ಪರಂಪರೆ

1970ರಲ್ಲಿ ಸೂಪರ್ ಬೌಲ್ ಪಾರಿತೋಷಕಕ್ಕೆ ವಿನ್ಸ್ ಲೊಂಬಾರ್ಡಿ ಪಾರಿತೋಷಕ ಎಂದು ಹೆಸರಿಡಲಾಯಿತು. 1971ರಲ್ಲಿ ಅವರನ್ನು ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಅವರ ಗ್ರೀನ್ ಬೇ ತಂಡಗಳಲ್ಲಿ ಆಡಿದ ಹತ್ತಕ್ಕೂ ಹೆಚ್ಚು ಮಂದಿ ಅದೇ ಗೌರವ ಪಡೆದಿದ್ದಾರೆ. ಗ್ರೀನ್ ಬೇಯ ಕ್ರೀಡಾಂಗಣದ ಮುಂದಿನ ರಸ್ತೆಗೂ ಜಾರ್ಜ್‌ಟೌನ್‌ನ ಕ್ಯಾನ್ಸರ್ ಕೇಂದ್ರಕ್ಕೂ ಅವರ ಹೆಸರಿದೆ. ಡೇವಿಡ್ ಮರಾನಿಸ್ 1999ರಲ್ಲಿ ಅವರ ವಿಸ್ತೃತ ಜೀವನಚರಿತ್ರೆಯನ್ನು ಪ್ರಕಟಿಸಿದರು; 2010ರಲ್ಲಿ ಅವರ ಬದುಕನ್ನು ಆಧರಿಸಿದ ನಾಟಕ ಬ್ರಾಡ್‌ವೇಯಲ್ಲಿ ಪ್ರದರ್ಶನಗೊಂಡಿತು. ಲೊಂಬಾರ್ಡಿ ಬಿಟ್ಟುಹೋದ ನಂತರ ಪ್ಯಾಕರ್ಸ್ ತಂಡ ಮತ್ತೆ ಚಾಂಪಿಯನ್ ಆಗಲು 1996ರ ಋತುವಿನವರೆಗೆ ಕಾಯಬೇಕಾಯಿತು.

ಋತುವಾರು ಸಾಧನೆ (ಗೆಲುವು–ಸೋಲು–ಸಮ)

1959, ಗ್ರೀನ್ ಬೇ: 7–5–0
1960, ಗ್ರೀನ್ ಬೇ: 8–4–0, ಅಂತಿಮ ಪಂದ್ಯದಲ್ಲಿ ಸೋಲು
1961, ಗ್ರೀನ್ ಬೇ: 11–3–0, ಚಾಂಪಿಯನ್
1962, ಗ್ರೀನ್ ಬೇ: 13–1–0, ಚಾಂಪಿಯನ್
1963, ಗ್ರೀನ್ ಬೇ: 11–2–1
1964, ಗ್ರೀನ್ ಬೇ: 8–5–1
1965, ಗ್ರೀನ್ ಬೇ: 10–3–1, ಚಾಂಪಿಯನ್
1966, ಗ್ರೀನ್ ಬೇ: 12–2–0, ಚಾಂಪಿಯನ್, ಸೂಪರ್ ಬೌಲ್ ವಿಜಯ
1967, ಗ್ರೀನ್ ಬೇ: 9–4–1, ಚಾಂಪಿಯನ್, ಸೂಪರ್ ಬೌಲ್ ವಿಜಯ
1969, ವಾಷಿಂಗ್ಟನ್: 7–5–2
ಒಟ್ಟು: 96–34–6; ಋತು ನಂತರದ ಪಂದ್ಯಗಳಲ್ಲಿ 9 ಗೆಲುವು, 1 ಸೋಲು